ಸೀಸ-ಆಮ್ಲ ಬ್ಯಾಟರಿ: ಆರೈಕೆ ಮತ್ತು ಪುನಶ್ಚೇತನ

ಸೀಸ ಮತ್ತು ಗಂಧಕಾಮ್ಲಗಳ ನಡುವಿನ ರಾಸಾಯನಿಕ ಕ್ರಿಯೆಯ ಮೂಲಕ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಹಿಂದಿರುಗಿಸುವ ಸಾಧನ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಗಳಲ್ಲಿ ಇದೇ ಮೊದಲನೆಯದು. 160 ವರ್ಷ ದಾಟಿದರೂ ಇದರ ಬಳಕೆ ನಿಂತಿಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಪೇತ್ರಿ ದಾರಿಯಾಗಿ ಒಳನಾಡಿನಲ್ಲಿರುವ ಕೊಕ್ಕರ್ಣೆಯಂಥ ಊರಿನಲ್ಲಿ ಮನೆಯ ಇನ್ವರ್ಟರ್, ತೋಟದ ಮನೆಯ ಸೋಲಾರ್ ದೀಪ, ರಿಕ್ಷಾ, ಜೀಪು, ಟ್ರ್ಯಾಕ್ಟರ್, ಮೈಕ್ ಸೆಟ್ಟು, ಅಂಗಡಿಯ ಯುಪಿಎಸ್ ಎಲ್ಲವೂ ಬಹುಮಟ್ಟಿಗೆ ಇದನ್ನೇ ನಂಬಿವೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಮನೆಯ ಬೆಳಕು ಉಳಿಯುವುದೂ ಹೋಗುವುದೂ ಬ್ಯಾಟರಿಯ ಆರೋಗ್ಯವನ್ನು ಹೊಂದಿಕೊಂಡಿರುತ್ತದೆ.

ಹಳತಾದ ಬ್ಯಾಟರಿಯನ್ನು ಮತ್ತೆ ಎಬ್ಬಿಸಬಹುದೇ ಎಂಬುದು ಬಳಕೆದಾರರ ಮುಖ್ಯ ಪ್ರಶ್ನೆ. ಬ್ಯಾಟರಿ ಯಾವ ಕಾರಣಕ್ಕೆ ಸೋತಿದೆ ಎಂಬುದರಲ್ಲೇ ಇದಕ್ಕೆ ಉತ್ತರವಿದೆ. ಸವೆತದ ಹಲವು ಬಗೆಗಳಲ್ಲಿ ಸರಿಯಾದ ಚಾರ್ಜಿನಿಂದ ಹಿಂದಕ್ಕೆ ತರಬಹುದಾದದ್ದು ಮುಖ್ಯವಾಗಿ ಸಲ್ಫೇಷನ್ (ಪ್ಲೇಟಿನಲ್ಲಿ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುವುದು), ಅದೂ ಎಳೆಯ ಹಂತದಲ್ಲಿದ್ದಾಗ. ಆದ್ದರಿಂದ ತಪಾಸಣೆ ಮೊದಲು, ಚಿಕಿತ್ಸೆ ಆಮೇಲೆ.

ರಚನೆ ಮತ್ತು ಕ್ರಿಯೆ

12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ ಆರು ಸೆಲ್‌ಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಪ್ರತಿ ಸೆಲ್‌ನಲ್ಲೂ ಕಡುಕಂದು ಬಣ್ಣದ ಸೀಸದ ಡೈಆಕ್ಸೈಡ್ ತುಂಬಿದ ಧನ ಪ್ಲೇಟು, ಬೂದು ಬಣ್ಣದ ಸ್ಪಂಜಿನಂಥ ಸೀಸದ ಋಣ ಪ್ಲೇಟು, ಇವೆರಡೂ ತಾಗದಂತೆ ತಡೆಯುವ ಸೆಪರೇಟರ್ ಮತ್ತು ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ವಿದ್ಯುತ್ ತೆಗೆಯುವಾಗ ಎರಡೂ ಪ್ಲೇಟುಗಳು ಸೀಸದ ಸಲ್ಫೇಟ್ ಆಗಿ ಮಾರ್ಪಡುತ್ತವೆ. ಆಮ್ಲ ಖರ್ಚಾಗಿ ನೀರು ಹುಟ್ಟುತ್ತದೆ. ಚಾರ್ಜ್ ಮಾಡಿದಾಗ ಇದು ತಿರುಗುಮುರುಗಾಗುತ್ತದೆ. ಒಂದು ಆಂಪಿಯರ್-ಅವರ್ ವಿದ್ಯುತ್ತಿಗೆ ಪ್ರತಿ ಸೆಲ್‌ನಲ್ಲಿ 3.87 ಗ್ರಾಂ ಸೀಸ, 4.46 ಗ್ರಾಂ ಸೀಸದ ಡೈಆಕ್ಸೈಡ್ ಮತ್ತು 3.66 ಗ್ರಾಂ ಆಮ್ಲ ಕ್ರಿಯೆಗೆ ಒಳಗಾಗುತ್ತವೆ.

ಆಮ್ಲವೂ ಕ್ರಿಯೆಯಲ್ಲಿ ಪಾಲುಗೊಳ್ಳುವುದರಿಂದ ಅದರ ಸಾಪೇಕ್ಷ ಸಾಂದ್ರತೆಯೇ ಚಾರ್ಜಿನ ಅಳತೆಯಾಗುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ಇದಕ್ಕೆ ‘ಗ್ರಾವಿಟಿ’ ಎನ್ನುತ್ತಾರೆ, 1.240 ಇದ್ದರೆ 1240 ಎಂದೇ ಓದುತ್ತಾರೆ. ಚಳಿ ದೇಶಗಳ ವಾಹನ ಬ್ಯಾಟರಿಗಳಲ್ಲಿ ಪೂರ್ಣ ಚಾರ್ಜಿನ ಸಾಂದ್ರತೆ ಸುಮಾರು 1.280 ಇರುತ್ತದೆ. ನಮ್ಮ ಸೆಖೆಯಲ್ಲಿ ಅಷ್ಟು ಗಟ್ಟಿ ಆಮ್ಲ ಪ್ಲೇಟುಗಳನ್ನು ಬೇಗ ತಿನ್ನುವುದರಿಂದ ಭಾರತದಲ್ಲಿ ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿಗಳಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.240ರ ಆಸುಪಾಸಿನ ಆಮ್ಲ ತುಂಬುವುದು ವಾಡಿಕೆ. ವಿಶ್ರಾಂತಿಯಲ್ಲಿರುವ ಸೆಲ್‌ನ ವೋಲ್ಟೇಜು ಸಾಂದ್ರತೆಗೆ 0.84 ಕೂಡಿಸಿದಷ್ಟು. ಹಾಗಾಗಿ 1.280ರ ಬ್ಯಾಟರಿ ತುಂಬಿದಾಗ 12.7 ವೋಲ್ಟ್ ತೋರಿದರೆ, 1.240ರ ಬ್ಯಾಟರಿ ಸುಮಾರು 12.5 ವೋಲ್ಟ್ ತೋರುತ್ತದೆ. ಬೇರೆ ದೇಶದ ಪಟ್ಟಿ ನೋಡಿ, 12.5 ತೋರಿಸುವ ಇನ್ವರ್ಟರ್ ಬ್ಯಾಟರಿ ಪೂರ್ತಿ ತುಂಬಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಬಳಕೆಗೆ ತಕ್ಕಂತೆ ಮೂರು ಬಗೆಗಳು ಪ್ರಚಲಿತ. ವಾಹನದ ಬ್ಯಾಟರಿಯಲ್ಲಿ ತೆಳುವಾದ ಹಲವು ಪ್ಲೇಟುಗಳಿದ್ದು, ಎಂಜಿನ್ ಸ್ಟಾರ್ಟ್ ಮಾಡಲು ಕೆಲವು ಸೆಕೆಂಡು ಭಾರಿ ಕರೆಂಟ್ ಕೊಡುತ್ತದೆ. ಇದನ್ನು ಇನ್ವರ್ಟರಿಗೆ ಹಾಕಿ ಆಳಕ್ಕೆ ಬರಿದು ಮಾಡಿದರೆ ಬೇಗ ಕೆಡುತ್ತದೆ. ಟ್ಯೂಬುಲರ್ ಬ್ಯಾಟರಿಯಲ್ಲಿ ಧನ ಪ್ಲೇಟಿನ ಪುಡಿಯನ್ನು ಪಾಲಿಯೆಸ್ಟರ್ ಕೊಳವೆಗಳೊಳಗೆ ಹಿಡಿದಿಟ್ಟಿರುವುದರಿಂದ ದಿನವೂ ಬರಿದಾಗಿ ತುಂಬುವ ಇನ್ವರ್ಟರ್, ಸೋಲಾರ್ ಕೆಲಸಕ್ಕೆ ಅದು ತಕ್ಕದ್ದು. ಮೂರನೆಯದು ಸೀಲ್ ಮಾಡಿದ ಬಗೆ. ಇದರ ಆಮ್ಲ ಗಾಜಿನ ನಾರಿನಲ್ಲಿ ಹೀರಿಕೊಂಡಿರುತ್ತದೆ ಅಥವಾ ಜೆಲ್ ರೂಪದಲ್ಲಿರುತ್ತದೆ. ಯುಪಿಎಸ್‌ಗಳಲ್ಲಿ ಇದು ಹೆಚ್ಚು.

ಇತಿಹಾಸ ಮತ್ತು ಸ್ಥಳೀಯ ಬಳಕೆ

ಜರ್ಮನಿಯ ವಿಲ್ಹೆಲ್ಮ್ ಸಿನ್‌ಸ್ಟೆಡನ್ 1854ರಲ್ಲಿ ಆಮ್ಲದಲ್ಲಿ ಮುಳುಗಿದ ಸೀಸದ ತಗಡುಗಳು ವಿದ್ಯುತ್ ಹಿಡಿದಿಡುವುದನ್ನು ಗಮನಿಸಿದ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಬಳಕೆಗೆ ಒದಗುವ ಬ್ಯಾಟರಿ ಕಟ್ಟಿದ. 1881ರಲ್ಲಿ ಕಮಿಲ್ ಫೋರ್ ಸೀಸದ ಆಕ್ಸೈಡಿನ ಹಿಟ್ಟನ್ನು ಪ್ಲೇಟಿಗೆ ಮೆತ್ತುವ ವಿಧಾನ ತಂದ ಮೇಲೆ ಕಾರ್ಖಾನೆಯ ಉತ್ಪಾದನೆ ಸುಲಭವಾಯಿತು. ಎರಡೂ ಪ್ಲೇಟುಗಳು ಸಲ್ಫೇಟ್ ಆಗುತ್ತವೆ ಎಂಬ ವಿವರಣೆಯನ್ನು ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ 1882ರಲ್ಲಿ ಮುಂದಿಟ್ಟರು.

ಕರಾವಳಿಯ ವಿದ್ಯುತ್ ವ್ಯವಸ್ಥೆಯೊಳಗೇ ಈ ಬ್ಯಾಟರಿಗೆ ಜಾಗವಿದೆ. ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರ 1989ರಲ್ಲಿ ಉತ್ಪಾದನೆ ಆರಂಭಿಸಿತು. ಈಗ ಅದರ ಸಾಮರ್ಥ್ಯ 460 ಮೆಗಾವಾಟ್. ಇಂಥ ವಿದ್ಯುದಾಗಾರಗಳಲ್ಲೂ ಮೆಸ್ಕಾಂನಂಥ ವಿದ್ಯುತ್ ವಿತರಣಾ ಸಂಸ್ಥೆಗಳ ಸಬ್‌ಸ್ಟೇಷನ್‌ಗಳಲ್ಲೂ ಲೈನ್ ಕೆಟ್ಟಾಗ ಬ್ರೇಕರ್‌ಗಳನ್ನು ಬೀಳಿಸುವ ರಕ್ಷಣಾ ಉಪಕರಣಗಳು ಬ್ಯಾಟರಿ ಬಲದಿಂದಲೇ ಕೆಲಸ ಮಾಡುತ್ತವೆ. ದೂರವಾಣಿ ವಿನಿಮಯ ಕೇಂದ್ರಗಳ 48 ವೋಲ್ಟಿನ ವ್ಯವಸ್ಥೆ 2 ವೋಲ್ಟಿನ 24 ಸೆಲ್‌ಗಳ ಸಾಲಿನ ಮೇಲೆ ನಿಂತಿದೆ.

ಹಳ್ಳಿಯ ಮನೆಗಳಿಗೆ ಸೋಲಾರ್ ದೀಪ ವ್ಯಾಪಕವಾಗಿ ಬರತೊಡಗಿದ್ದು 1990ರ ದಶಕದಲ್ಲಿ. ಕುಂದಾಪುರ ಸೀಮೆಯ ಮೂಲದ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆ, ಬಡವರು ಕಂತಿನಲ್ಲಿ ಸಾಲ ತೀರಿಸಿ ಸೋಲಾರ್ ದೀಪ ಹೊಂದುವ ದಾರಿ ತೋರಿತು. ಮಣಿಪಾಲದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕ್ ಇಂಥ ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಒಂದು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸೋಲಾರ್ ಪ್ಯಾನೆಲ್ 20ರಿಂದ 25 ವರ್ಷ ಬಾಳಿದರೆ ಬ್ಯಾಟರಿ ಬಾಳುವುದು ಅದರ ಕಾಲುಭಾಗದಷ್ಟು ಕಾಲ. ಆದಕಾರಣ ಮನೆಯವರಿಗೆ ಮತ್ತೆ ಮತ್ತೆ ಬೀಳುವ ಖರ್ಚು ಬ್ಯಾಟರಿಯದೇ. ಅದರ ಆಯುಷ್ಯ ಒಂದೆರಡು ವರ್ಷ ಹೆಚ್ಚಿದರೆ ಸಾಲದ ಹೊರೆ ಅಷ್ಟು ಕಡಿಮೆ.

ಸವೆಯುವ ಬಗೆಗಳು

ಸಲ್ಫೇಷನ್: ಬರಿದಾದಾಗ ಹುಟ್ಟುವ ಸೀಸದ ಸಲ್ಫೇಟ್ ಮೊದಲು ನುಣ್ಣನೆಯ ಹರಳಾಗಿರುತ್ತದೆ, ಕೂಡಲೇ ಚಾರ್ಜ್ ಮಾಡಿದರೆ ಕರಗಿ ಮೂಲರೂಪಕ್ಕೆ ಬರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡವುಗಳ ಮೇಲೆ ಕೂರುತ್ತಾ ಗಟ್ಟಿಯಾಗುತ್ತವೆ. ಈ ಹರಳಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಪ್ಲೇಟಿನ ರಂಧ್ರಗಳೂ ಮುಚ್ಚಿಹೋಗುತ್ತವೆ. ಅರೆಬರೆ ಚಾರ್ಜಿನಲ್ಲೇ ಓಡುವ ಬ್ಯಾಟರಿಗಳು ಸಾಯುವುದು ಹೆಚ್ಚಾಗಿ ಹೀಗೆ.

ಗ್ರಿಡ್ ತುಕ್ಕು: ಧನ ಪ್ಲೇಟಿನ ಸೀಸದ ಜಾಳಿಗೆ ಕಾಲಕ್ರಮೇಣ ಆಕ್ಸೈಡಾಗಿ ಬೆಳೆದು ಮುರಿಯುತ್ತದೆ. ಅತಿ ಚಾರ್ಜ್ ಮತ್ತು ಶಾಖ ಇದನ್ನು ಬೇಗ ತರುತ್ತವೆ. ಸರಿಯಾಗಿ ಸಾಕಿದ ಬ್ಯಾಟರಿಯೂ ಕೊನೆಗೆ ಮುಪ್ಪಾಗುವುದು ಇದರಿಂದಲೇ, ಇದಕ್ಕೆ ಚಿಕಿತ್ಸೆಯಿಲ್ಲ.

ಪುಡಿ ಉದುರುವುದು: ಸೀಸದ ಸಲ್ಫೇಟ್ ತನ್ನ ಮೂಲವಸ್ತುವಿಗಿಂತ ಹೆಚ್ಚು ಜಾಗ ಬೇಡುತ್ತದೆ. ಪ್ರತಿ ಸಲ ಬರಿದಾಗಿ ತುಂಬುವಾಗ ಪ್ಲೇಟು ಉಬ್ಬಿ ಕುಗ್ಗಿ, ಪುಡಿ ಸಡಿಲವಾಗಿ ತಳಕ್ಕೆ ಬೀಳುತ್ತದೆ. ತಳದ ಕೆಸರು ಪ್ಲೇಟುಗಳ ಅಂಚಿಗೆ ತಾಗುವಷ್ಟು ಏರಿದರೆ ಸೆಲ್ ಶಾರ್ಟ್ ಆಗುತ್ತದೆ.

ನೀರು ಆರುವುದು: ಚಾರ್ಜಿನ ಕೊನೆಯಲ್ಲಿ ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದು ಆಂಪಿಯರ್-ಅವರ್ ಅತಿ ಚಾರ್ಜಿಗೆ ಪ್ರತಿ ಸೆಲ್‌ನಿಂದ 0.336 ಗ್ರಾಂ ನೀರು ಹೋಗುತ್ತದೆ. ತುಂಬಿದ ಬ್ಯಾಟರಿಗೆ ಸದಾ 0.3 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಂಡರೆ ತಿಂಗಳಿಗೆ ಹೆಚ್ಚೆಂದರೆ ಪ್ರತಿ ಸೆಲ್‌ಗೆ 73 ಗ್ರಾಂ. ಪ್ಲೇಟಿನ ತಲೆ ಆಮ್ಲದಿಂದ ಹೊರಗೆ ಬಂದು ಒಣಗಿದರೆ ಆ ಭಾಗ ಶಾಶ್ವತವಾಗಿ ಸೋಲುತ್ತದೆ.

ಪದರಗಟ್ಟುವುದು: ಭಾರವಾದ ಆಮ್ಲ ತಳದಲ್ಲೂ ತೆಳು ಆಮ್ಲ ಮೇಲೂ ನಿಲ್ಲುವುದು. ಎತ್ತರದ ಟ್ಯೂಬುಲರ್ ಬ್ಯಾಟರಿಗಳಲ್ಲಿ ಹೆಚ್ಚು. ಗುಳ್ಳೆ ಏಳುವಷ್ಟು ಚಾರ್ಜ್ ಮಾಡಿದರೆ ಆ ಗುಳ್ಳೆಗಳೇ ಆಮ್ಲವನ್ನು ಕಲಕಿ ಸರಿಪಡಿಸುತ್ತವೆ.

ಈ ಸೀಮೆಯ ಹವೆ ಮತ್ತು ಬದುಕು

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಜಿಲ್ಲೆಯ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿಗೆ ಕಷ್ಟಕಾಲ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ತೋಟ, ಹಾಡಿಗಳ ನಡುವಿನ ಲೈನು ಸರಿಯಾಗಲು ಹೊತ್ತು ಬೇಕು. ಇನ್ವರ್ಟರ್ ಪೂರ್ತಿ ಬರಿದಾಗುತ್ತದೆ. ಕರೆಂಟು ಬಂದು ಬ್ಯಾಟರಿ ತುಂಬುವ ಮೊದಲೇ ಮತ್ತೆ ಹೋಗುತ್ತದೆ. ಮೋಡ ಕವಿದ ವಾರಗಳಲ್ಲಿ ಸೋಲಾರ್ ಪ್ಯಾನೆಲ್ ಕೊಡುವುದು ಅಷ್ಟಕ್ಕಷ್ಟೆ, ಬಳಕೆ ಮಾತ್ರ ಎಂದಿನಷ್ಟೇ. ಎರಡೂ ಕಡೆ ಬ್ಯಾಟರಿ ಅರೆಹೊಟ್ಟೆಯಲ್ಲೇ ದಿನ ಕಳೆಯುತ್ತದೆ. ಸಲ್ಫೇಷನ್ ಬೇರೂರುವುದು ಆಗಲೇ. ಮಳೆ ಹಿಡಿಯುವ ಮೊದಲು ಪೂರ್ಣ ಚಾರ್ಜ್, ಮಳೆಯ ನಡುವೆ ದೀಪಗಳ ಹಿತಮಿತ ಬಳಕೆ, ಕರೆಂಟಿರುವ ಸೋಲಾರ್ ಮನೆಗಳಲ್ಲಿ ವಾರಕ್ಕೊಮ್ಮೆ ಲೈನಿನಿಂದ ಚಾರ್ಜ್: ಇವು ಬೇರಾವ ಮದ್ದಿಗಿಂತ ಹೆಚ್ಚು ಫಲ ಕೊಡುತ್ತವೆ.

ಏಪ್ರಿಲ್, ಮೇ ತಿಂಗಳ ಸೆಖೆ ಬೇರೆಯೇ ಹಾನಿ ಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ತುಕ್ಕಿನ ವೇಗ ಸುಮಾರು ಎರಡು ಪಟ್ಟಾಗಿ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಬಿಸಿಲು ಬೀಳುವ ಜಗಲಿ ಅಥವಾ ತಗಡಿನ ಮಾಡಿನ ಕೆಳಗಿಗಿಂತ ಹಂಚಿನ ಮಾಡಿನ, ಗಾಳಿಯಾಡುವ ಚಾವಡಿಯ ಮೂಲೆ ಬ್ಯಾಟರಿಗೆ ಒಳ್ಳೆಯ ಜಾಗ.

ಈ ಸೀಮೆಯ ಕುಟುಂಬಗಳಲ್ಲಿ ಹಲವರು ಹೋಟೆಲ್ ಉದ್ಯಮ, ನೌಕರಿ ಎಂದು ಬೆಂಗಳೂರು, ಮುಂಬೈ, ಗಲ್ಫ್‌ಗಳಲ್ಲಿದ್ದಾರೆ. ಹಬ್ಬ, ಕೋಲ, ಮದುವೆಗೆ ಮಾತ್ರ ತೆರೆಯುವ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಬಳಸದೆಯೇ ಸಾಯುತ್ತದೆ. ಮೆಯ್ನ್ ಸ್ವಿಚ್ ಆಫ್ ಮಾಡಿ ಇನ್ವರ್ಟರನ್ನು ಹಾಗೇ ಬಿಟ್ಟರೆ ಅದರ ಸಣ್ಣ ಸ್ವಂತ ಬಳಕೆಯೇ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಮೆಯ್ನ್ ಆನ್ ಇದ್ದರೆ ನೀರು ಆರುತ್ತದೆ. ಪೂರ್ಣ ಚಾರ್ಜ್ ಮಾಡಿ, ನೀರಿನ ಮಟ್ಟ ಸರಿಪಡಿಸಿ, ಋಣ ಟರ್ಮಿನಲಿನ ವೈರು ಕಳಚಿಡಬೇಕು. ಕಳಚಿಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು, ಸೆಖೆಯಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ಬಂದು ಚಾರ್ಜಿಗೆ ಹಾಕುವ ಏರ್ಪಾಡು ಬೇಕು.

ಮಲ್ಪೆ, ಗಂಗೊಳ್ಳಿಯ ಯಾಂತ್ರಿಕ ದೋಣಿಗಳದ್ದೂ ಇದೇ ಕತೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡದಲ್ಲಿರುವಾಗ ಎಂಜಿನ್ನಿನ, ಜಿಪಿಎಸ್, ವಯರ್‌ಲೆಸ್‌ಗಳ ಬ್ಯಾಟರಿಗಳನ್ನು ಕಳಚಿ, ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿದವರಿಗೆ ಆಗಸ್ಟಿನಲ್ಲಿ ಹೊಸದು ಕೊಳ್ಳುವ ಪ್ರಸಂಗ ಕಡಿಮೆ. ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುವ ಯಕ್ಷಗಾನ ಮೇಳಗಳ ವಾಹನಗಳಿಗೂ, ಜಾತ್ರೆಯ ಕಾಲ ಮುಗಿದ ಮೇಲೆ ಮೂಲೆ ಸೇರುವ ಮೈಕ್ ಸೆಟ್ಟಿನ ಬ್ಯಾಟರಿಗೂ ಈ ಮಾತು ಸಲ್ಲುತ್ತದೆ.

ತಪಾಸಣೆ

ಅಗ್ಗದ ಹೈಡ್ರೋಮೀಟರ್ ಮತ್ತು ಮಲ್ಟಿಮೀಟರ್ ಇದ್ದರೆ ತಪಾಸಣೆಯ ಬಹುಪಾಲು ಮುಗಿಯುತ್ತದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ವಿಶ್ರಾಂತಿ ಕೊಟ್ಟು ಆರೂ ಸೆಲ್‌ಗಳ ಸಾಂದ್ರತೆ ಅಳೆಯಬೇಕು. ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ಆಮ್ಲ ಮೇಲೆಳೆದು, ತೇಲುಕಡ್ಡಿ ಗಾಜಿನ ಗೋಡೆಗೆ ತಾಗದೆ ನಿಂತಾಗ ಕಣ್ಣಿನ ಮಟ್ಟದಲ್ಲಿ ಓದಬೇಕು. 27 ಡಿಗ್ರಿಗಿಂತ ಹೆಚ್ಚಿನ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು, 34 ಡಿಗ್ರಿಯಲ್ಲಿ ಇದು ಸುಮಾರು 0.005. ಈಗಷ್ಟೇ ನೀರು ಹೊಯ್ದಿದ್ದರೆ ಓದಿದ ಅಂಕಿ ಸುಳ್ಳಾಗುತ್ತದೆ, ಏಕೆಂದರೆ ನೀರು ಮೇಲ್ಪದರದಲ್ಲೇ ನಿಂತಿರುತ್ತದೆ.

ಒಂದು ಉದಾಹರಣೆ: ಆರು ಸೆಲ್‌ಗಳಲ್ಲಿ ಕ್ರಮವಾಗಿ 1.235, 1.230, 1.235, 1.110, 1.230, 1.235 ಬಂದರೆ ನಾಲ್ಕನೆಯ ಸೆಲ್ ಕೆಟ್ಟಿದೆ. ಚಾರ್ಜ್ ಮಾಡುವಾಗ ಉಳಿದ ಐದರಲ್ಲಿ ಗುಳ್ಳೆ ಎದ್ದು ಆ ಸೆಲ್ ಮಾತ್ರ ಸುಮ್ಮನಿದ್ದರೆ ಅದು ಶಾರ್ಟ್ ಆಗಿದೆ ಎಂಬುದು ಖಚಿತ; ವಿಶ್ರಾಂತಿಯಲ್ಲಿ ಅಂಥ ಬ್ಯಾಟರಿಯ ಒಟ್ಟು ವೋಲ್ಟೇಜು 10.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂಥದ್ದನ್ನು ಮನೆಯಲ್ಲಿ ಎಬ್ಬಿಸಲು ಸಾಧ್ಯವಿಲ್ಲ. ಬದಲಿಗೆ ಆರೂ ಸೆಲ್‌ಗಳು 1.170, 1.165, 1.170, 1.160, 1.170, 1.165 ಎಂದು ಸಮನಾಗಿ ಕೆಳಗಿದ್ದರೆ ಅದು ಅರೆ ಚಾರ್ಜು ಅಥವಾ ಸಲ್ಫೇಷನ್. ಪುನಶ್ಚೇತನದ ಆಸೆ ಇಟ್ಟುಕೊಳ್ಳಬೇಕಾದದ್ದು ಇಂಥ ಬ್ಯಾಟರಿಯ ಮೇಲೆ. ಆಮ್ಲ ಕಂದು ಬಣ್ಣಕ್ಕೆ ತಿರುಗಿ ಕದಡಿದ್ದರೆ ಧನ ಪ್ಲೇಟಿನ ಪುಡಿ ಉದುರುತ್ತಿದೆ ಎಂದರ್ಥ.

ಸಾಂದ್ರತೆ ಸರಿಯಿದ್ದೂ ಬ್ಯಾಟರಿ ಬೇಗ ಬರಿದಾಗಬಹುದು. ಉಳಿದಿರುವ ಸಾಮರ್ಥ್ಯ ತಿಳಿಯಲು ಭಾರ ಹಾಕಿ ನೋಡಬೇಕು. 12 ವೋಲ್ಟ್, 60 ವಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು ಸುಮಾರು 10 ಆಂಪಿಯರ್ ಎಳೆಯುತ್ತವೆ. 150 ಆಂಪಿಯರ್-ಅವರ್ ಬ್ಯಾಟರಿ 10.5 ವೋಲ್ಟಿಗೆ ಇಳಿಯಲು 11 ಗಂಟೆ ತೆಗೆದುಕೊಂಡರೆ 110 ಆಂಪಿಯರ್-ಅವರ್ ಉಳಿದಿದೆ, ಮನೆಗೆ ಸಾಕು. ನಾಲ್ಕೇ ಗಂಟೆಯಲ್ಲಿ ಇಳಿದರೆ ಅದರ ಮೇಲೆ ಶ್ರಮ ಹಾಕುವುದರಲ್ಲಿ ಹೆಚ್ಚು ಫಲವಿಲ್ಲ. ಸಾಮರ್ಥ್ಯ ನಮೂದಿತ ಪ್ರಮಾಣದ ನೂರಕ್ಕೆ 80ಕ್ಕೆ ಇಳಿದಾಗ ಬದಲಾಯಿಸಬೇಕೆಂಬುದು ವಿದ್ಯುತ್ ಕೇಂದ್ರಗಳ ಶಿಸ್ತು.

ನಿಯತ ಆರೈಕೆ

ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಹೊಯ್ಯಬೇಕಾದದ್ದು ಡಿಸ್ಟಿಲ್ಡ್ ವಾಟರ್ ಅಥವಾ ಖನಿಜ ತೆಗೆದ ‘ಬ್ಯಾಟರಿ ನೀರು’ ಮಾತ್ರ. ಇದರ ಶುದ್ಧತೆಗೆ ಐಎಸ್ 1069 ಎಂಬ ಭಾರತೀಯ ಮಾನಕವಿದೆ. ಮುರಕಲ್ಲಿನ ನೆಲದ ಬಾವಿನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿರಬಹುದಾದ ಕಬ್ಬಿಣದ ಅಂಶ ಎರಡು ಪ್ಲೇಟುಗಳ ನಡುವೆ ಓಡಾಡಿ ಬ್ಯಾಟರಿಯನ್ನು ಒಳಗೊಳಗೇ ಬರಿದು ಮಾಡುತ್ತದೆ. ಕ್ಲೋರೈಡ್ ಗ್ರಿಡ್ಡನ್ನು ತಿನ್ನುತ್ತದೆ. ಮಾಡಿನಿಂದ ಇಳಿದ ಮಳೆನೀರಿನಲ್ಲಿ ಹಂಚು, ತಗಡಿನ ಕೊಳೆಯ ಜೊತೆ ಕಡಲ ಉಪ್ಪಿನಂಶವೂ ಸೇರಿರುವುದರಿಂದ ಅದೂ ತಕ್ಕದ್ದಲ್ಲ. ಆಮ್ಲವನ್ನು ಎಂದೂ ಮೇಲಿಂದ ಸೇರಿಸಬಾರದು. ಆರಿಹೋಗುವುದು ನೀರು ಮಾತ್ರ. ಆಮ್ಲ ಪ್ಲೇಟಿನಲ್ಲಿ ಸಲ್ಫೇಟ್ ಆಗಿ ಅಡಗಿರುತ್ತದೆ. ಆಮ್ಲ ಹೊಯ್ದರೆ ಹೈಡ್ರೋಮೀಟರಿನ ಅಂಕಿ ಏರಿ ಸಮಾಧಾನ ಸಿಗುತ್ತದೆ, ಪ್ಲೇಟು ಮಾತ್ರ ಇನ್ನಷ್ಟು ಬೇಗ ಕೆಡುತ್ತದೆ. ಆಮ್ಲ ಚೆಲ್ಲಿಹೋದಾಗ ಮಾತ್ರ ಅಷ್ಟೇ ಸಾಂದ್ರತೆಯ ಆಮ್ಲ ತುಂಬುವುದು ನ್ಯಾಯ. ನೀರು ತುಂಬುವುದು ಚಾರ್ಜ್ ಆದ ಮೇಲೆ; ಮೊದಲೇ ತುಂಬಿದರೆ ಚಾರ್ಜಿನಲ್ಲಿ ಉಕ್ಕಿ ಹೊರಬರುತ್ತದೆ. ಪ್ಲೇಟು ಒಣಗಿದ್ದರೆ ಮುಳುಗುವಷ್ಟು ಮೊದಲೇ ಹೊಯ್ಯಬೇಕು.

ಟರ್ಮಿನಲ್ ಮೇಲೆ ಕೂರುವ ಬಿಳಿ, ಹಸಿರು, ನೀಲಿ ಬಣ್ಣದ ಕಿಟ್ಟ ಕರಾವಳಿಯ ತೇವದಲ್ಲಿ ಬೇಗ ಬೆಳೆಯುತ್ತದೆ. ಸೆಲ್ ಮುಚ್ಚಳಗಳನ್ನು ಬಿಗಿ ಮಾಡಿ, ಋಣ ವೈರನ್ನು ಮೊದಲು ಕಳಚಿ, ಅಡುಗೆ ಸೋಡ ಬೆರೆಸಿದ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸುರಿದರೆ ನೊರೆಯೆದ್ದು ಕಿಟ್ಟ ಕರಗುತ್ತದೆ. ನೊರೆ ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ವೈರು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡದ ಒಂದು ಹನಿಯೂ ಸೆಲ್ ಒಳಗೆ ಹೋಗಬಾರದು. ಬ್ಯಾಟರಿಯ ತಲೆಯ ಮೇಲಿನ ಧೂಳು ಆಮ್ಲದ ತೇವ ಹೀರಿ ವಿದ್ಯುತ್ ಸೋರುವ ದಾರಿಯಾಗುವುದರಿಂದ ಅದನ್ನೂ ಒರೆಸಿಡಬೇಕು.

ಚಾರ್ಜಿನ ವೋಲ್ಟೇಜಿನಲ್ಲಿ ಮೂರು ಹಂತ: ತುಂಬುವಾಗ 14.4ರ ಆಸುಪಾಸು, ತುಂಬಿದ ಮೇಲೆ 13.5ರಿಂದ 13.8, ಸೆಲ್‌ಗಳನ್ನು ಸಮಗೊಳಿಸಲು ಕೆಲವು ಗಂಟೆ 15ರಿಂದ 15.6. ಕೊನೆಯದು ನೀರು ಹೊಯ್ಯುವ ಬ್ಯಾಟರಿಗಷ್ಟೇ. ಸೀಲ್ ಮಾಡಿದ್ದಕ್ಕೆ ತಯಾರಕರು ಹೇಳಿದ ಮಿತಿ ಮೀರಬಾರದು. ಎರಡು ಬ್ಯಾಟರಿಗಳ 24 ವೋಲ್ಟಿನ ಜೋಡಣೆಯಲ್ಲಿ ಹಳತು ಹೊಸತನ್ನು ಬೆರೆಸಬಾರದು; ಹಳತು ಬೇಗ ಬರಿದಾಗಿ, ಬೇಗ ತುಂಬಿ ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ದಿನದ ಬಳಕೆಯಲ್ಲಿ ಚಾರ್ಜು ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ.

ಪುನಶ್ಚೇತನದ ವಿಧಾನ

ಸಮನಾಗಿ ಸೋತ, ಪ್ಲೇಟು ಗಟ್ಟಿಯಿರುವ ಬ್ಯಾಟರಿಗೆ ನಿಧಾನ ಚಾರ್ಜೇ ಮುಖ್ಯ ಚಿಕಿತ್ಸೆ. ಬ್ಯಾಟರಿಯನ್ನು ವಾಹನ ಅಥವಾ ಇನ್ವರ್ಟರಿನಿಂದ ಕಳಚಿ ಗಾಳಿಯಾಡುವ ಜಾಗದಲ್ಲಿಡಬೇಕು. ಈ ಚಾರ್ಜಿನ ಹೆಚ್ಚಿದ ವೋಲ್ಟೇಜು ವಾಹನದ ಇಲೆಕ್ಟ್ರಾನಿಕ್ಸನ್ನು ಕೆಡಿಸಬಲ್ಲದು. ನಮೂದಿತ ಸಾಮರ್ಥ್ಯದ ಐವತ್ತನೇ ಒಂದು ಭಾಗದಿಂದ ಇಪ್ಪತ್ತನೇ ಒಂದು ಭಾಗದಷ್ಟು ಕರೆಂಟ್, ಅಂದರೆ 150 ಆಂಪಿಯರ್-ಅವರ್ ಬ್ಯಾಟರಿಗೆ 3ರಿಂದ 7.5 ಆಂಪಿಯರ್ ಸಾಕು. ಗಟ್ಟಿ ಸಲ್ಫೇಟ್ ಇದ್ದರೆ ಮೊದಲಿಗೆ ವೋಲ್ಟೇಜು 15, 16ಕ್ಕೆ ಜಿಗಿದು ಕರೆಂಟ್ ಹೋಗುವುದೇ ಇಲ್ಲ. ಅಂಗಡಿಯವರು ‘ಚಾರ್ಜ್ ಎಳೆಯುತ್ತಿಲ್ಲ’ ಎನ್ನುವುದು ಇದಕ್ಕೇ. ಗಂಟೆಗಳು ಉರುಳಿದಂತೆ ಹರಳು ಕರಗಿ, ವೋಲ್ಟೇಜು ತುಸು ಇಳಿದು, ಕರೆಂಟ್ ಹರಿಯತೊಡಗಿದರೆ ಅದು ಒಳ್ಳೆಯ ಲಕ್ಷಣ.

ಎರಡು ಮೂರು ದಿನ ಹೀಗೆ ಸಾಗಬೇಕಾಗಬಹುದು. ಆಮ್ಲದ ಉಷ್ಣತೆ 45 ಡಿಗ್ರಿ ದಾಟಿದರೆ ನಿಲ್ಲಿಸಿ ತಣಿಸಬೇಕು. ಗಂಟೆಗೊಂದರಂತೆ ತೆಗೆದ ಮೂರು ಓದುಗಳಲ್ಲಿ ಸಾಂದ್ರತೆ ಬದಲಾಗದೆ, ಆರೂ ಸೆಲ್‌ಗಳಲ್ಲಿ ಸಮನಾಗಿ ಗುಳ್ಳೆ ಎದ್ದರೆ ಚಾರ್ಜ್ ಮುಗಿದಂತೆ. ಆಮೇಲೆ ಬಲ್ಬಿನ ಭಾರ ಹಾಕಿ 10.5 ವೋಲ್ಟಿನವರೆಗೆ ಬರಿದು ಮಾಡಿ, ಗಂಟೆ ಲೆಕ್ಕ ಬರೆದಿಟ್ಟು, ತಡಮಾಡದೆ ಮತ್ತೆ ಚಾರ್ಜ್ ಮಾಡಬೇಕು. ಇದನ್ನು ಎರಡು ಮೂರು ಸಲ ಮಾಡಿದಾಗ ಗಂಟೆಗಳು ಏರುತ್ತಾ ಹೋದರೆ ಬ್ಯಾಟರಿ ಚೇತರಿಸುತ್ತಿದೆ. ಎರಡನೇ ಸಲವೂ ಅಷ್ಟೇ ಇದ್ದರೆ ಅಲ್ಲಿಗೇ ನಿಲ್ಲಿಸಬಹುದು. ಕೊನೆಗೆ ಒಂದು ವಾರ ಸುಮ್ಮನಿಟ್ಟು ವೋಲ್ಟೇಜು ನೋಡುವುದು ಕಡ್ಡಾಯ. ಒಳಗೆ ಸಣ್ಣ ಶಾರ್ಟ್ ಇದ್ದರೆ ಆ ಅವಧಿಯಲ್ಲಿ ಬಯಲಾಗುತ್ತದೆ.

ತೀರಾ ಗಟ್ಟಿಯಾದ ಸಲ್ಫೇಟಿಗೆ ಹಳೆಯ ಕೈಪಿಡಿಗಳು ‘ನೀರಿನ ಚಿಕಿತ್ಸೆ’ ಹೇಳುತ್ತವೆ. ಆಮ್ಲ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿ ಅತಿ ನಿಧಾನವಾಗಿ ಚಾರ್ಜ್ ಮಾಡಿದರೆ, ತೆಳು ಆಮ್ಲದಲ್ಲಿ ಸಲ್ಫೇಟ್ ಹೆಚ್ಚು ಕರಗುವುದರಿಂದ ಪ್ಲೇಟಿನಲ್ಲಿ ಅಡಗಿದ್ದ ಆಮ್ಲ ಹೊರಬರುತ್ತದೆ. ತೆಗೆದ ಆಮ್ಲದಲ್ಲಿ ಸೀಸ ಬೆರೆತಿರುವುದರಿಂದ ಇದು ಸಲಕರಣೆಯಿರುವ ವರ್ಕ್‌ಶಾಪಿನ ಕೆಲಸ, ಅಂಗಳದಲ್ಲಿ ಮಾಡುವಂಥದ್ದಲ್ಲ.

ಸಂದಿಗ್ಧ ಮದ್ದುಗಳು

ಎಪ್ಸಮ್ ಲವಣ ಎಂಬ ಮೆಗ್ನೀಸಿಯಂ ಸಲ್ಫೇಟ್, ಪಟಿಕ ಮುಂತಾದವು ಬ್ಯಾಟರಿಗೆ ಜೀವ ಕೊಡುತ್ತವೆ ಎಂಬ ನಂಬಿಕೆ ಜಗತ್ತಿನ ಎಲ್ಲೆಡೆ ಇದೆ. ಇವು ಆಮ್ಲಕ್ಕೆ ಸಲ್ಫೇಟನ್ನೇ ಸೇರಿಸುತ್ತವೆ; ಪ್ಲೇಟಿನ ಮೇಲಿನ ಹರಳನ್ನು ಕರಗಿಸುವುದಿಲ್ಲ. ಅಮೆರಿಕದಲ್ಲಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟಿನ ಎಡಿ-ಎಕ್ಸ್2 ಎಂಬ ಪುಡಿಯನ್ನು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ನಿಷ್ಪ್ರಯೋಜಕವೆಂದಾಗ 1953ರಲ್ಲಿ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರ ರಾಜೀನಾಮೆಯನ್ನೇ ಕೇಳಲಾಯಿತು. ವಿಜ್ಞಾನಿಗಳ ಪ್ರತಿಭಟನೆಯ ಬಳಿಕ ಅವರು ಹುದ್ದೆಯಲ್ಲಿ ಉಳಿದರು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೂ ಪುಡಿಯಲ್ಲಿ ಹುರುಳಿಲ್ಲವೆಂದಿತು. ಪುಡಿ ಹಾಕಿದವರಿಗೆ ಕಾಣುವ ಚೇತರಿಕೆ ಬಹುತೇಕ ಅದರ ಜೊತೆಗೆ ಮಾಡುವ ನಿಧಾನ ಚಾರ್ಜಿನದು.

ಇಡಿಟಿಎ ಎಂಬ ರಾಸಾಯನಿಕ ಸೀಸದ ಸಲ್ಫೇಟನ್ನು ಕರಗಿಸುವುದು ನಿಜ, ಆದರೆ ಕರಗಿದ ಸೀಸ ಪ್ಲೇಟಿಗೆ ನಷ್ಟ. ಕಿರುಮಿಡಿತದ ಕರೆಂಟ್ ಹಾಯಿಸುವ ‘ಡಿಸಲ್ಫೇಟರ್’ ಪೆಟ್ಟಿಗೆಗಳು ಎಳೆಯ ಸಲ್ಫೇಷನ್‌ಗೆ ಸ್ವಲ್ಪ ನೆರವಾಗಬಹುದು; ನಿಧಾನ ಚಾರ್ಜಿಗಿಂತ ಅವು ಮೇಲು ಎಂಬುದಕ್ಕೆ ಒಮ್ಮತದ ಪುರಾವೆಯಿಲ್ಲ. ಉದುರಿದ ಪುಡಿಯನ್ನು, ಮುರಿದ ಗ್ರಿಡ್ಡನ್ನು ಇವಾವುದೂ ಮರಳಿ ಕಟ್ಟಲಾರವು.

ಸುರಕ್ಷತೆ

ಚಾರ್ಜಿನಲ್ಲಿ ಏಳುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4ರಷ್ಟು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಚಾರ್ಜಾಗುತ್ತಿರುವ ಬ್ಯಾಟರಿಯ ಬಳಿ ಬೀಡಿ, ದೀಪ, ಒಲೆ ಸಲ್ಲದು. ಚಾರ್ಜರಿನ ಸ್ವಿಚ್ ಆಫ್ ಮಾಡಿದ ಮೇಲೆಯೇ ಕ್ಲಿಪ್ ತೆಗೆಯಬೇಕು. ಉಂಗುರ, ಲೋಹದ ವಾಚು ಬಿಚ್ಚಿಡಬೇಕು. ಸ್ಪ್ಯಾನರ್ ಎರಡೂ ಟರ್ಮಿನಲಿಗೆ ತಾಗಿದರೆ ಕೈ ಸುಡುತ್ತದೆ. ಕನ್ನಡಕ ಮತ್ತು ರಬ್ಬರ್ ಕೈಗವಸು ಧರಿಸಬೇಕು. ಆಮ್ಲ ತೆಳುಗೊಳಿಸುವಾಗ ನೀರಿಗೆ ಆಮ್ಲ ಹೊಯ್ಯಬೇಕು; ಆಮ್ಲಕ್ಕೆ ನೀರು ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಧಾರೆಯಾಗಿ ನೀರು ಹಾಯಿಸಿ ವೈದ್ಯರಲ್ಲಿಗೆ ಹೋಗಬೇಕು.

ಆಯುಷ್ಯ ಮುಗಿದ ಮೇಲೆ

ಬ್ಯಾಟರಿಯ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸ ಸುಮಾರು 327 ಡಿಗ್ರಿಯಲ್ಲಿ ಕರಗುತ್ತದೆ; ಸೌದೆ ಒಲೆಯಲ್ಲೂ ಕರಗಿಸಬಹುದು. ಅಪಾಯವಿರುವುದು ಈ ಸುಲಭದಲ್ಲೇ. ಬಲೆಯ ಗುಂಡಿಗೆಂದೋ ಗುಜರಿಗೆಂದೋ ಬ್ಯಾಟರಿ ಒಡೆದು ಸೀಸ ಕರಗಿಸಿದರೆ ಅದರ ಹೊಗೆ, ಧೂಳು ಅಂಗಳದ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತವೆ. ಚೆಲ್ಲಿದ ಆಮ್ಲ ಮಳೆಯಲ್ಲಿ ಬಾವಿಗೆ ಇಳಿಯಬಹುದು. ಮಣ್ಣಿನಲ್ಲಿ ಆಡಿ ಕೈ ಬಾಯಿಗಿಡುವ ಮಕ್ಕಳಿಗೆ ಇದರ ಪೆಟ್ಟು ಎಲ್ಲರಿಗಿಂತ ಹೆಚ್ಚು: ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ, ಆದ ಹಾನಿ ಸರಿಹೋಗುವುದಿಲ್ಲ. ದೇಹದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ ಸೀಸದ ವಿಷವನ್ನು ಸಾರ್ವಜನಿಕ ಪ್ರಶ್ನೆಯಾಗಿಸಿದ ಕೆಲಸ ಕರ್ನಾಟಕದಲ್ಲೇ ನಡೆಯಿತು. ಜಾರ್ಜ್ ಫೌಂಡೇಷನ್ 1999ರಲ್ಲಿ ಬೆಂಗಳೂರಿನಲ್ಲಿ ಈ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ರಕ್ತಪರೀಕ್ಷೆ ಮತ್ತು ಜಾಗೃತಿಗೆ ದುಡಿದರು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಹೊರತಂದ ವರದಿ, ಬ್ಯಾಟರಿಗಳ ಅಸುರಕ್ಷಿತ ಮರುಬಳಕೆಯನ್ನು ಮಕ್ಕಳ ಸೀಸ ವಿಷದ ಪ್ರಮುಖ ಕಾರಣಗಳಲ್ಲಿ ಒಂದೆಂದು ಗುರುತಿಸಿತು.

ಕೇಂದ್ರ ಸರ್ಕಾರ 2001ರಲ್ಲಿ ಹಳೆಯ ಬ್ಯಾಟರಿಗಳ ನಿರ್ವಹಣೆಗೆ ನಿಯಮ ತಂದಿತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಸ್ಥಾನಕ್ಕೆ ಬಂದು, ಮಾರಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿದವು. ಕಸದೊಂದಿಗೆ ಬೆರೆಸದೆ ಬೇರೆಯಾಗಿ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಹೊಸದು ಕೊಳ್ಳುವಾಗ ಹಳತನ್ನು ಆಮ್ಲ ಚೆಲ್ಲದೆ, ಒಡೆಯದೆ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಡಿತ ಪಡೆಯುವ ಎಕ್ಸ್‌ಚೇಂಜ್ ಪದ್ಧತಿ ಇದಕ್ಕೆ ಹತ್ತಿರದ ದಾರಿ. ಸರಿಯಾದ ಕಾರ್ಖಾನೆ ತಲುಪಿದರೆ ಸೀಸ ಮತ್ತೆ ಮತ್ತೆ ಹೊಸ ಬ್ಯಾಟರಿಯಾಗಬಲ್ಲದು.

ಪ್ರಸ್ತುತ ಸ್ಥಿತಿ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹಗುರ, ನೀರು ಬೇಡುವುದಿಲ್ಲ, ಅರೆ ಚಾರ್ಜಿನಲ್ಲಿದ್ದರೂ ಸಲ್ಫೇಷನ್‌ನ ಭಯವಿಲ್ಲ. ನಮ್ಮ ಮಳೆಗಾಲಕ್ಕೆ ಹೊಂದುವ ಈ ಗುಣದಿಂದ ಅವು ಸೋಲಾರ್ ದೀಪ ಮತ್ತು ಇನ್ವರ್ಟರುಗಳಿಗೆ ಬರುತ್ತಿವೆ. ಮೊದಲ ಬೆಲೆ ಕಡಿಮೆ, ಹಳತಿಗೂ ದರ ಸಿಗುತ್ತದೆ, ಊರಿನ ಮೆಕ್ಯಾನಿಕ್‌ಗೆ ಪರಿಚಿತ ಎಂಬ ಕಾರಣಗಳಿಂದ ಸೀಸ-ಆಮ್ಲ ಬ್ಯಾಟರಿ ಇನ್ನೂ ಬಹುಕಾಲ ಹಳ್ಳಿಗಳಲ್ಲಿರುತ್ತದೆ. ಹೈಡ್ರೋಮೀಟರಿನ ಬೆಲೆ ಹೊಸ ಬ್ಯಾಟರಿಯ ಬೆಲೆಯ ಸಣ್ಣದೊಂದು ಅಂಶ. ಪ್ರತಿ ಮನೆಯಲ್ಲಿ ಸಾಧ್ಯವಾಗದಿದ್ದರೂ ಒಂದು ವಠಾರಕ್ಕೆ, ಒಂದು ಯುವಕ ಮಂಡಲಕ್ಕೆ ಒಂದಿದ್ದು, ಮೇ ತಿಂಗಳ ಕೊನೆಯಲ್ಲಿ ಮನೆಮನೆಯ ಬ್ಯಾಟರಿಯ ಆರು ಅಂಕಿಗಳನ್ನು ಬರೆದಿಡುವ ಪದ್ಧತಿ ಬೆಳೆದರೆ, ಯಾವುದನ್ನು ಚಾರ್ಜಿಗಿಡಬೇಕು, ಯಾವುದನ್ನು ಅಂಗಡಿಗೆ ಮರಳಿಸಬೇಕು ಎಂಬುದು ಮಳೆ ಶುರುವಾಗುವ ಮೊದಲೇ ತೀರ್ಮಾನವಾಗುತ್ತದೆ.